ಬೆಕ್ಕು ಸೀನಿದಾಗ

ಹೂಸ್ಟನ್ನಿನ ವಾಯವ್ಯಕ್ಕಿರುವ ನಮ್ಮ ಸೈಪ್ರೆಸ್‌ನಿಂದ ಮಾತಾಡುತ್ತಿದ್ದೇನೆ. ಪ್ರತಿ ಸಲ ಪುಸ್ತಕದ ಬಗ್ಗೆಯೋ ಹಬ್ಬದ ಬಗ್ಗೆಯೋ ಹೇಳುವವಳು ಈ ಸಲ ಬೆಕ್ಕಿನ ನೆಗಡಿ ಹಿಡಿದುಕೊಂಡು ಬಂದಿದ್ದಾಳಲ್ಲ ಅಂತ ನಗಬೇಡಿ. ನಾನು ಭಾನುವಾರ ಕಲಿಸುವ ಕನ್ನಡ ತರಗತಿಯಲ್ಲಿ 'ನಮ್ಮ ಮನೆಯವರು' ಅಂತ ಐದು ವಾಕ್ಯ ಬರೆಯಿರಿ ಅಂದರೆ, ಅಪ್ಪ ಅಮ್ಮ ಆದ ಮೇಲೆ ಮೂರನೇ ವಾಕ್ಯಕ್ಕೇ ಬೆಕ್ಕೋ ನಾಯಿಯೋ ಬಂದುಬಿಡುತ್ತದೆ. ನಾಲ್ಕು ಮಕ್ಕಳ ಮನೆಯಲ್ಲಿ ಬೆಕ್ಕಿದೆ. ಐದನೆಯದು ನಮ್ಮ ಮನೆಯದು. ಅದರ ಹೆಸರು ಚುಕ್ಕಿ.

ನಾನು ಹುಟ್ಟಿ ಬೆಳೆದದ್ದು ಮಲೆನಾಡಿನ ಕಡೆ. ಅಲ್ಲಿ ಬೆಕ್ಕು ಮನೆಯದ್ದೂ ಹೌದು, ಅಲ್ಲದ್ದೂ ಹೌದು. ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಬರುತ್ತಿತ್ತು, ರಾತ್ರಿ ಅಟ್ಟ ಹತ್ತುತ್ತಿತ್ತು. ಕಾಯಿಲೆ ಬಂದರೆ ಎಲ್ಲೋ ಹೋಗಿ ಮಲಗುತ್ತಿತ್ತು. ನಾಲ್ಕು ದಿನ ಬಿಟ್ಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೆಕ್ಕಿಗೆ ಡಾಕ್ಟರು ಅನ್ನುವ ಮಾತನ್ನೇ ನಾನು ಕೇಳಿರಲಿಲ್ಲ. ಹಾಗಾಗಿ 2023ರ ಮಾರ್ಚ್‌ನಲ್ಲಿ ಚುಕ್ಕಿ ಸೀನಲು ಶುರು ಮಾಡಿದಾಗ ನನಗೆ ಗೊತ್ತಿದ್ದದ್ದು ಸೊನ್ನೆ. ಆಗ ಮಾಡಿದ ತಪ್ಪುಗಳನ್ನು ಮುಚ್ಚಿಡದೆ ಹೇಳುತ್ತೇನೆ, ನಿಮ್ಮ ಮನೆಯಲ್ಲಿ ಅವು ಆಗದೆ ಇರಲಿ.

ಮಾರ್ಚ್ ಅಂದರೆ ಇಲ್ಲಿ ಓಕ್ ಮರದ ಪರಾಗದ ಕಾಲ. ಕಾರಿನ ಮೇಲೆಲ್ಲ ಅರಿಸಿನ ಚೆಲ್ಲಿದ ಹಾಗೆ ಹಳದಿ ಪುಡಿ. ನಮ್ಮ ಮನೆಯವರು ಸೀನುತ್ತಿದ್ದರು, ಮಗಳು ಸೀನುತ್ತಿದ್ದಳು, ಪಾಪ ಬೆಕ್ಕಿಗೂ ಅಲರ್ಜಿ ಇರಬೇಕು ಅಂದುಕೊಂಡೆವು. ಇದು ಮೊದಲ ತಪ್ಪು. ಪರಾಗದ ಅಲರ್ಜಿ ಬೆಕ್ಕಿಗೂ ಬರುತ್ತದೆ, ಆದರೆ ಅದು ಹೆಚ್ಚಾಗಿ ಚರ್ಮದಲ್ಲಿ ಕಾಣಿಸುತ್ತದೆ. ಕೆರೆದುಕೊಳ್ಳುವುದು, ಹೊಟ್ಟೆಯ ಕೂದಲು ಹೋಗುವವರೆಗೆ ನೆಕ್ಕುವುದು, ಹೀಗೆ. ಸೀನು, ಕಣ್ಣಲ್ಲಿ ನೀರು, ಮೂಗಿನಲ್ಲಿ ಗೊಣ್ಣೆ ಮೂರೂ ಒಟ್ಟಿಗೆ ಬಂದರೆ ಅದು ಬಹುಮಟ್ಟಿಗೆ ಅಂಟುಜಾಡ್ಯ. ಅದರಲ್ಲೂ ಚುಕ್ಕಿ ಆಶ್ರಯಧಾಮದಿಂದ ನಮ್ಮ ಮನೆಗೆ ಬಂದು ಒಂದು ವಾರವಷ್ಟೇ ಆಗಿತ್ತು. ನೂರಾರು ಬೆಕ್ಕು ಒಂದೇ ಸೂರಿನಡಿ ಇರುವ ಕಡೆಯಿಂದ ಬಂದ ಮರಿ, ಹೊಸ ಮನೆ, ಹೊಸ ಜನ. ಈ ಸೋಂಕು ಹತ್ತಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಎರಡರಿಂದ ಹತ್ತು ದಿನ ಬೇಕು. ಲೆಕ್ಕ ಸರಿಯಾಗಿ ಕೂರುತ್ತಿತ್ತು, ನಾವು ಲೆಕ್ಕ ಹಾಕಲಿಲ್ಲ ಅಷ್ಟೇ.

ಬೆಕ್ಕಿನ ನೆಗಡಿಗೆ ಮುಖ್ಯ ಕಾರಣ ಎರಡು ವೈರಸ್‌ಗಳು. ಒಂದು ಬೆಕ್ಕಿನ ಹರ್ಪಿಸ್ ವೈರಸ್, ಇನ್ನೊಂದು ಕ್ಯಾಲಿಸಿ ವೈರಸ್. ಹೆಚ್ಚಿನ ನೆಗಡಿಗಳ ಹಿಂದೆ ಇವೆರಡರಲ್ಲಿ ಒಂದಾದರೂ ಇರುತ್ತದೆ, ಕೆಲವು ಸಲ ಎರಡೂ. ಅವುಗಳ ಜೊತೆಗೆ ಕ್ಲಮೀಡಿಯಾ, ಬೋರ್ಡೆಟೆಲ್ಲಾ, ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾಗಳೂ ಸೇರಿಕೊಳ್ಳುವುದುಂಟು. ಹೆಸರು ನೆನಪಿಟ್ಟುಕೊಳ್ಳಬೇಕಾಗಿಲ್ಲ. ಆದರೆ ಎರಡು ವೈರಸ್‌ಗಳ ಸ್ವಭಾವ ಬೇರೆ ಬೇರೆ, ಅದು ಗೊತ್ತಿದ್ದರೆ ಅನುಕೂಲ. ಹರ್ಪಿಸ್ ಕಣ್ಣಿನ ಹಿಂದೆ ಬೀಳುತ್ತದೆ. ಕಣ್ಣು ಕೆಂಪಗಾಗುತ್ತದೆ, ಗೀಜು ಕಟ್ಟುತ್ತದೆ, ಕಣ್ಣುಗುಡ್ಡೆಯ ಮೇಲೆ ಹುಣ್ಣೂ ಆಗಬಹುದು. ಕ್ಯಾಲಿಸಿ ಬಾಯಿಯ ಹಿಂದೆ ಬೀಳುತ್ತದೆ. ನಾಲಿಗೆ, ಅಂಗುಳು, ಕೆಲವೊಮ್ಮೆ ಮೂಗಿನ ತುದಿಯಲ್ಲೂ ಹುಣ್ಣು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಿಮಗೆಲ್ಲ ಗೊತ್ತು. ಹಾಲು ಕಂಡರೆ ಓಡಿಹೋಗುವ ಬೆಕ್ಕು. ಅದರ ನಾಲಿಗೆ ಸುಟ್ಟಿತ್ತು, ಅದಕ್ಕೇ ಓಡುತ್ತಿತ್ತು. ಮಕ್ಕಳಿಗೆ ಆ ಕತೆಯನ್ನು ಎಷ್ಟೋ ಸಲ ಹೇಳಿದವಳಿಗೆ, ನನ್ನ ಮನೆಯ ಬೆಕ್ಕು ಬಟ್ಟಲಿನ ಹತ್ತಿರ ಬಂದು, ಮೂಸಿ, ಒಂದು ಸಲ ನೆಕ್ಕಿ, ತಲೆ ಕೊಡವಿಕೊಂಡು ಹಿಂದೆ ಸರಿದಾಗ ಅದು ಹೊಳೆಯಲಿಲ್ಲ. ಶುಕ್ರವಾರ ಸಂಜೆ ಅರ್ಧ ತಿಂದಿತ್ತು. ಶನಿವಾರ ಏನೂ ಮುಟ್ಟಲಿಲ್ಲ. ಹೊಸ ಜಾಗ, ಸ್ವಲ್ಪ ಸೊಕ್ಕು, ಹಸಿದರೆ ತಾನೇ ತಿನ್ನುತ್ತದೆ ಅಂದೆ. ಭಾನುವಾರ ತರಗತಿ ಮುಗಿಸಿಕೊಂಡು ಬಂದಾಗ ಬಟ್ಟೆಯ ಕಪಾಟಿನೊಳಗೆ, ಚಪ್ಪಲಿ ಪೆಟ್ಟಿಗೆಗಳ ಹಿಂದೆ ಸೇರಿಕೊಂಡಿತ್ತು. ಬಾಯಿಯಿಂದ ಜೊಲ್ಲು ಸೋರುತ್ತಿತ್ತು.

ಇಡೀ ಲೇಖನದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಾವು ಏಕಾದಶಿ ಉಪವಾಸ ಮಾಡಿದರೆ ಏನೂ ಆಗುವುದಿಲ್ಲ. ಬೆಕ್ಕು ಎರಡು ಮೂರು ದಿನ ಪೂರ್ತಿ ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಕರಗಿ ಯಕೃತ್ತಿಗೆ ಹೋಗಿ ತುಂಬಿಕೊಳ್ಳಲು ಶುರುವಾಗುತ್ತದೆ, ಯಕೃತ್ತು ಕೆಲಸ ನಿಲ್ಲಿಸುತ್ತದೆ. ದಪ್ಪ ಬೆಕ್ಕಿಗೆ ಇದರ ಅಪಾಯ ಇನ್ನೂ ಹೆಚ್ಚು. ನೆಗಡಿಯಿಂದ ಸಾಯದ ಬೆಕ್ಕು ಉಪವಾಸದಿಂದ ಸಾಯಬಹುದು. ಬೆಕ್ಕು ಒಂದು ಪೂರ್ತಿ ದಿನ, ಅಂದರೆ 24 ಗಂಟೆ, ಏನೂ ತಿನ್ನದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಮರಿಯಾದರೆ ಅಷ್ಟು ಹೊತ್ತೂ ಕಾಯಬೇಡಿ. ಬೆಕ್ಕು ಊಟವನ್ನು ಮೂಸಿ ತೀರ್ಮಾನಿಸುವ ಪ್ರಾಣಿ, ಮೂಗು ಕಟ್ಟಿದರೆ ಅದಕ್ಕೆ ಊಟ ಊಟವೇ ಅಲ್ಲ. ಅದರ ಮೇಲೆ ನಾಲಿಗೆಯಲ್ಲಿ ಹುಣ್ಣಿದ್ದರೆ ಕೇಳಲೇಬೇಡಿ.

ಆವತ್ತು ಅಮ್ಮ ಊರಿಂದ ಬಂದು ನಮ್ಮಲ್ಲೇ ಇದ್ದರು. "ಮೈ ಬಿಸಿ ಇದೆಯಲ್ಲೇ, ಒಂದು ಚೂರು ಜ್ವರದ ಮಾತ್ರೆ ಅರೆದು ಹಾಲಲ್ಲಿ ಕೊಡು" ಅಂದರು. ನಾನೂ ಟೈಲೆನಾಲ್ ಮಾತ್ರೆಯನ್ನು ಕಾಲು ಭಾಗ ಮುರಿದು ಕೈಯಲ್ಲಿ ಹಿಡಿದಿದ್ದೆ. ಮಗಳು ಫೋನಿನಲ್ಲಿ ಏನೋ ಓದಿ ಓಡಿಬಂದು ಕೈ ತಟ್ಟಿ ಬೀಳಿಸಿದಳು. ಆ ಕ್ಷಣ ನೆನೆದರೆ ಈಗಲೂ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ. ಟೈಲೆನಾಲ್, ಊರಿನ ಕ್ರೋಸಿನ್, ಡೋಲೋ ಎಲ್ಲದರಲ್ಲೂ ಇರುವುದು ಪ್ಯಾರಾಸಿಟಮಾಲ್. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ರಕ್ತ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ, ಒಸಡು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಒಂದೇ ಮಾತ್ರೆ ಜೀವ ತೆಗೆಯಬಲ್ಲದು. ಐಬುಪ್ರೊಫೆನ್ನೂ ವಿಷವೇ. ಮೂಗು ಬಿಡಿಸಲು ನಾವು ನುಂಗುವ ನೆಗಡಿ ಮಾತ್ರೆಗಳೂ ಅಷ್ಟೇ.

ನಮ್ಮ ಮನೆಮದ್ದುಗಳ ಕತೆಯೂ ಇದೇ. ವಿಕ್ಸ್, ಅಮೃತಾಂಜನ, ನೀಲಗಿರಿ ಎಣ್ಣೆ, ಕರ್ಪೂರ, ಇವುಗಳಲ್ಲಿ ಯಾವುದನ್ನೂ ಬೆಕ್ಕಿಗೆ ಹಚ್ಚಬೇಡಿ, ಅದು ಇರುವ ಕೋಣೆಯಲ್ಲಿ ಆವಿಗೂ ಹಾಕಬೇಡಿ. ಬೆಕ್ಕು ಮೈ ನೆಕ್ಕುವ ಪ್ರಾಣಿ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಅಕಸ್ಮಾತ್ ಏನಾದರೂ ಹೊಟ್ಟೆಗೆ ಹೋಗಿಬಿಟ್ಟಿದ್ದರೆ ಎಎಸ್‌ಪಿಸಿಎ ಸಂಸ್ಥೆಯ ಪ್ರಾಣಿ ವಿಷ ಸಹಾಯವಾಣಿ ಇದೆ, 888-426-4435. ಹಗಲು ರಾತ್ರಿ ಫೋನ್ ಎತ್ತುತ್ತಾರೆ, ಶುಲ್ಕ ತೆಗೆದುಕೊಳ್ಳಬಹುದು. ನಮ್ಮ ಫ್ರಿಜ್ಜಿನ ಮೇಲೆ ಅದನ್ನು ಬರೆದು ಅಂಟಿಸಿದ್ದೇನೆ, ಅನ್ನಪೂರ್ಣೇಶ್ವರಿ ಕ್ಯಾಲೆಂಡರಿನ ಪಕ್ಕದಲ್ಲೇ.

ಭಾನುವಾರ ರಾತ್ರಿ ಮಾಮೂಲಿ ಕ್ಲಿನಿಕ್ಕುಗಳು ಮುಚ್ಚಿರುತ್ತವೆ. ರಾತ್ರಿಯೂ ತೆರೆದಿರುವ ತುರ್ತು ಆಸ್ಪತ್ರೆ ಹುಡುಕಿಕೊಂಡು 290 ಹೆದ್ದಾರಿ ಹಿಡಿದೆವು. ಚರ್ಮದಡಿಗೆ ದ್ರವ ಕೊಟ್ಟರು, ನೋವಿಗೆ ಬೆಕ್ಕಿಗೆ ಒಗ್ಗುವ ಔಷಧಿ ಕೊಟ್ಟರು, ಬಾಯಿ ಬಿಡಿಸಿ ನಾಲಿಗೆಯ ಹುಣ್ಣು ತೋರಿಸಿದರು. ಆ ಹುಣ್ಣು ನೋಡಿ ಅಮ್ಮ ಅತ್ತುಬಿಟ್ಟರು. ಬಿಲ್ಲು ನೋಡಿ ನಮ್ಮ ಮನೆಯವರು ಸುಮ್ಮನಾದರು. ಬೆಕ್ಕು ತರುವ ದಿನವೇ ಇಂಥ ಒಂದು ರಾತ್ರಿಗೆ ಅಂತ ಸ್ವಲ್ಪ ದುಡ್ಡು ಎತ್ತಿಡುವುದು ಒಳ್ಳೆಯದು. ರಾತ್ರಿ ತೆರೆದಿರುವ ಆಸ್ಪತ್ರೆ ಮನೆಗೆ ಎಷ್ಟು ದೂರ ಅನ್ನುವುದನ್ನೂ ಅವತ್ತೇ ನೋಡಿಟ್ಟುಕೊಳ್ಳಿ.

ಅಮ್ಮನಿಗೆ ಉಬ್ಬಸ ಇದೆ. "ಇದು ನನಗೆ ಹತ್ತುತ್ತದಾ?" ಅಂತ ದಾರಿಯಲ್ಲಿ ಮೆಲ್ಲಗೆ ಕೇಳಿದ್ದರು. ಬೆಕ್ಕಿನ ಹರ್ಪಿಸ್, ಕ್ಯಾಲಿಸಿ ಎರಡೂ ಮನುಷ್ಯರಿಗೆ ಹತ್ತುವುದಿಲ್ಲ, ನಾಯಿಗೂ ಚಿಂತೆಯಿಲ್ಲ. ಬೋರ್ಡೆಟೆಲ್ಲಾ ಮಾತ್ರ ರೋಗನಿರೋಧಕ ಶಕ್ತಿ ತೀರ ಕಡಿಮೆಯಿರುವವರಿಗೆ ಅಪರೂಪಕ್ಕೆ ಬಂದದ್ದಿದೆ. ಕಿಮೋಥೆರಪಿ ತೆಗೆದುಕೊಳ್ಳುತ್ತಿರುವವರು ಮನೆಯಲ್ಲಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ಆದರೆ ಇನ್ನೊಂದು ಬೆಕ್ಕಿಗೆ ಇದು ಖಂಡಿತ ಹತ್ತುತ್ತದೆ. ಸೀನಿನ ತುಂತುರು, ಒಂದೇ ಬಟ್ಟಲು, ನಮ್ಮ ಕೈ, ನಮ್ಮ ಬಟ್ಟೆ ಎಲ್ಲವೂ ದಾರಿ. ಕ್ಯಾಲಿಸಿ ವೈರಸ್ ಒಣಗಿದ ನೆಲದ ಮೇಲೆ ವಾರಗಟ್ಟಲೆ ಬದುಕಿರುತ್ತದೆ. ಮಾಮೂಲಿ ಸೋಪಿಗೆ ಜಗ್ಗುವುದಿಲ್ಲ, ಬ್ಲೀಚು ಬೇಕು. ಒಂದು ಗ್ಯಾಲನ್ ನೀರಿಗೆ ಅರ್ಧ ಕಪ್ಪು ಹಾಕಿ ಒರೆಸಿ, ತೊಳೆದು, ಒಣಗಿದ ಮೇಲೇ ಬೆಕ್ಕನ್ನು ಆ ಕೋಣೆಗೆ ಬಿಡಿ.

ಮನೆಗೆ ಬಂದ ಮೇಲೆ ನಿಜವಾದ ಕೆಲಸ. ಮೂಗು ಮತ್ತು ಕಣ್ಣಿನ ಗೀಜನ್ನು ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಬೇಕು, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ. ದಿನಕ್ಕೆ ಎರಡು ಸಲ ಸ್ನಾನದ ಮನೆಯಲ್ಲಿ ಬಿಸಿನೀರಿನ ಶವರ್ ಬಿಟ್ಟು ಬಾಗಿಲು ಹಾಕಿ, ಹತ್ತು ನಿಮಿಷ ಆವಿಯಲ್ಲಿ ಅದರ ಜೊತೆ ಕೂತಿರುತ್ತಿದ್ದೆ. ಬರೀ ನೀರಿನ ಆವಿ, ಏನೂ ಹಾಕದೆ. ಊಟವನ್ನು ಸ್ವಲ್ಪ ಬೆಚ್ಚಗೆ ಮಾಡಿ ಕೊಟ್ಟರೆ ವಾಸನೆ ಏಳುತ್ತದೆ, ಮೂಗು ಕಟ್ಟಿದ ಬೆಕ್ಕಿಗೂ ಅದು ಸಿಗುತ್ತದೆ. ಇಲ್ಲಿ ನಮ್ಮ ಮನೆಯಲ್ಲೊಂದು ಧರ್ಮಸಂಕಟ. ನಮ್ಮದು ಸಸ್ಯಾಹಾರಿ ಮನೆ. ಮೊಸರನ್ನ ಕೊಟ್ಟು ನೋಡೋಣ ಅಂತ ಅಮ್ಮ. ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ, ಅದಕ್ಕೆ ಬೇಕಾದ ಟಾರಿನ್ ಅನ್ನುವ ಅಂಶ ಅನ್ನದಲ್ಲೂ ಮೊಸರಲ್ಲೂ ಸಾಕಷ್ಟು ಇಲ್ಲ. ಕೊನೆಗೆ ಗ್ಯಾರೇಜಿನಲ್ಲಿ ಒಂದು ಹಳೆಯ ಮೈಕ್ರೋವೇವ್ ಇಟ್ಟು ಮೀನಿನ ಡಬ್ಬಿ ಅಲ್ಲಿ ಬಿಸಿ ಮಾಡಿದೆ. ಮೂರನೇ ದಿನ ಅಮ್ಮನೇ ಮೂಗಿಗೆ ಸೆರಗು ಮುಚ್ಚಿಕೊಂಡು ಬೆರಳ ತುದಿಯಲ್ಲಿ ಅದನ್ನು ನೆಕ್ಕಿಸುತ್ತಿದ್ದರು. ಒಂದು ಎಚ್ಚರಿಕೆ. ಅಂಗಡಿಯ ಕೋಳಿ ಸಾರು ಕೊಡುವುದಾದರೆ ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರಬಾರದು, ಬೆಕ್ಕಿನ ರಕ್ತಕಣಗಳನ್ನು ಅವು ಒಡೆದುಹಾಕುತ್ತವೆ.

ಆಂಟಿಬಯೋಟಿಕ್ ಯಾಕೆ ಕೊಡಲಿಲ್ಲ ಅಂತ ಡಾಕ್ಟರ ಮೇಲೆ ನನಗೆ ಸಿಟ್ಟು ಬಂದಿತ್ತು. ವೈರಸ್‌ಗೆ ಅದು ನಾಟುವುದಿಲ್ಲ. ಬೆಕ್ಕು ತಿನ್ನುತ್ತಾ ಓಡಾಡಿಕೊಂಡಿದ್ದರೆ ಮೊದಲ ಹತ್ತು ದಿನ ನೋಡೋಣ ಅನ್ನುವುದು ಈಗಿನ ರೂಢಿ. ಜ್ವರ, ಹಸಿರು ಗೊಣ್ಣೆ, ಸುಸ್ತು ಮೂರೂ ಸೇರಿದರೆ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಆ ಮಾತ್ರೆಯನ್ನು ಒಣಗಂಟಲಿಗೆ ಹಾಕಬೇಡಿ, ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಸುಟ್ಟು ಗಾಯವಾಗಿ ನಾಳವೇ ಕಿರಿದಾಗುತ್ತದೆ. ಹಿಂದೆಯೇ ಒಂದಿಷ್ಟು ನೀರೋ ಊಟವೋ ಹೋಗಬೇಕು. ಲೈಸಿನ್ ಪುಡಿ ಕೊಡಿ ಅಂತ ಈಗಲೂ ಹೇಳುವವರಿದ್ದಾರೆ. ಅದರಿಂದ ಪ್ರಯೋಜನವಿಲ್ಲ ಅಂತ ಈಚಿನ ವರ್ಷಗಳಲ್ಲಿ ಹೆಚ್ಚಿನ ತಜ್ಞರು ಬಿಟ್ಟಿದ್ದಾರೆ.

ಚುಕ್ಕಿ ಎರಡು ವಾರದಲ್ಲಿ ಸುಧಾರಿಸಿಕೊಂಡಿತು. 2024ರ ಜುಲೈ 8ರಂದು ಬೆರಿಲ್ ಚಂಡಮಾರುತ ಬಂತಲ್ಲ, ಹೂಸ್ಟನ್ ಸುತ್ತಮುತ್ತ ಲಕ್ಷಾಂತರ ಮನೆಗಳಿಗೆ ಕರೆಂಟಿಲ್ಲ, ನಮಗೂ ಇಲ್ಲ. ಬಿಸಿಲಿನ ಬೇಗೆ, ಎರಡು ದಿನ ಗೆಳತಿಯ ಮನೆ. ಮನೆಗೆ ಹಿಂದಿರುಗಿದ ವಾರವೇ ಚುಕ್ಕಿಯ ಬಲಗಣ್ಣು ಕೆಂಪಗಾಗಿ ಮುಚ್ಚಿಕೊಂಡಿತು. ಈ ಸಲ ಕಾಯಲಿಲ್ಲ. ಹರ್ಪಿಸ್ ಇರಬೇಕು ಅಂದರು ಡಾಕ್ಟರು. ಒಮ್ಮೆ ಹೊಕ್ಕಿದ ಹರ್ಪಿಸ್ ನರಗಳಲ್ಲಿ ಅವಿತುಕೊಂಡು ಜೀವಮಾನವಿಡೀ ಉಳಿಯುತ್ತದೆ, ಬೆಕ್ಕಿಗೆ ಗಾಬರಿಯಾದಾಗ, ಜಾಗ ಬದಲಾದಾಗ, ಹೊಸ ಪ್ರಾಣಿ ಬಂದಾಗ ಹೊರಗೆ ಬರುತ್ತದೆ. ಭಾರತಕ್ಕೆ ಹೋಗುವಾಗ ಬೆಕ್ಕನ್ನು ಬೋರ್ಡಿಂಗಿನಲ್ಲಿ ಬಿಡುವವರು ಇದನ್ನು ಗಮನಿಸಿ. ಹಾಗೆ ಬಂದ ಬೆಕ್ಕಿನ ಕಣ್ಣಿಗೆ ನಿಮ್ಮ ಮನೆಯಲ್ಲಿರುವ ಹಳೆಯ ಸ್ಟಿರಾಯ್ಡ್ ಹನಿ ಹಾಕಬೇಡಿ, ಹುಣ್ಣಿದ್ದರೆ ಕಣ್ಣೇ ಹೋಗಬಹುದು.

ಇಲ್ಲಿಯವರೆಗೆ ಹೇಳಿದ್ದು ಮೂಗಿನ ಮಾತು. ಎದೆಯ ಮಾತು ಬೇರೆ, ಅದಕ್ಕೆ ಕಾಯಲು ಗಂಟೆಗಳ ಸಮಯ ಇರುವುದಿಲ್ಲ. ಬೆಕ್ಕು ನಿದ್ದೆಯಲ್ಲಿದ್ದಾಗ ಅದರ ಪಕ್ಕೆ ಏರಿ ಇಳಿಯುವುದನ್ನು ನೋಡಿ. ಏರಿ ಇಳಿದರೆ ಒಂದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ಗುರ್‌ಗುಟ್ಟುತ್ತಿರುವಾಗ ಎಣಿಸಬೇಡಿ, ಲೆಕ್ಕ ತಪ್ಪುತ್ತದೆ. ಆರೋಗ್ಯವಾಗಿರುವ ಬೆಕ್ಕಿಗೆ ನಿಮಿಷಕ್ಕೆ ಸುಮಾರು 15ರಿಂದ 30. ನಿದ್ದೆಯಲ್ಲೂ 30 ದಾಟುತ್ತಲೇ ಇದ್ದರೆ ಅವತ್ತೇ ಡಾಕ್ಟರಿಗೆ ಹೇಳಿ. 40 ದಾಟಿದರೆ ಹೊರಡಿ. ಬಾಯಿ ತೆರೆದು ಉಸಿರಾಡುತ್ತಿದ್ದರೆ ಎಣಿಸುತ್ತಾ ಕೂರಬೇಡಿ. ನಾಯಿ ನಾಲಿಗೆ ಚಾಚಿ ತೇಕುವುದು ಸಹಜ, ಬೆಕ್ಕು ಹಾಗೆ ಮಾಡಿದರೆ ಅದು ಪ್ರಾಣಸಂಕಟ. ಮೊಣಕೈ ಹೊರಗೆ ಚಾಚಿ, ಕತ್ತು ಮುಂದಕ್ಕೆ ನೀಡಿ ಕೂತು ಹೊಟ್ಟೆಯಿಂದ ಉಸಿರೆಳೆಯುವುದು, ಒಸಡು ಬಿಳಿಚಿಕೊಂಡಿರುವುದು ಅಥವಾ ನೀಲಿಯಾಗುವುದು, ಇವೂ ಹಾಗೆಯೇ. ಆಗ ಬಲವಂತವಾಗಿ ನೀರು ಕುಡಿಸಬೇಡಿ, ಎದೆಗೆ ಒತ್ತಿ ಹಿಡಿದು ಮುದ್ದಿಸಬೇಡಿ. ಡಬ್ಬಿಯಲ್ಲಿ ಕೂರಿಸಿ, ಕಾರಿನ ಎಸಿ ಹಾಕಿ, ಆಮ್ಲಜನಕ ಸಿದ್ಧವಿಡಲಿ ಅಂತ ಆಸ್ಪತ್ರೆಗೆ ಫೋನ್ ಮಾಡುತ್ತಲೇ ಹೊರಡಿ. ಶ್ವಾಸಕೋಶದ ಸುತ್ತ ನೀರು ತುಂಬಿರಬಹುದು, ಹೃದಯದ ಕಾಯಿಲೆ ಇರಬಹುದು, ನ್ಯುಮೋನಿಯಾ ಇರಬಹುದು. ಮನೆಯಲ್ಲಿ ಕೂತು ಅದನ್ನು ಪತ್ತೆ ಮಾಡುವ ದಾರಿ ಇಲ್ಲ.

ಕೆಮ್ಮಿನ ವಿಷಯ ಒಂದಿದೆ. ಕೇಟಿಯಲ್ಲಿರುವ ಗೆಳತಿಯ ಬೆಕ್ಕು ನೆಲಕ್ಕೆ ಕುಸಿದು, ಕತ್ತು ಚಾಚಿ, ಖಕ್ ಖಕ್ ಅಂತ ಕೆಮ್ಮುತ್ತಿತ್ತು. ಕೂದಲುಂಡೆ ಕಕ್ಕಲು ಒದ್ದಾಡುತ್ತಿದೆ ಅಂತ ಆರು ತಿಂಗಳು ಅಂದುಕೊಂಡಳು. ಒಂದು ದಿನವೂ ಉಂಡೆ ಹೊರಗೆ ಬರಲಿಲ್ಲ. ಡಾಕ್ಟರಿಗೆ ವೀಡಿಯೋ ತೋರಿಸಿದಳು, ಎಕ್ಸ್‌ರೇ ಆಯಿತು, ಉಬ್ಬಸ ಅಂತ ಗೊತ್ತಾಯಿತು. ಮನುಷ್ಯರ ಇನ್‌ಹೇಲರನ್ನೇ ಮುಖಕ್ಕೆ ಹೊಂದುವ ಪುಟ್ಟ ಕೊಳವೆಯಿಟ್ಟು ಬೆಕ್ಕಿಗೆ ಕೊಡುತ್ತಾರೆ, ಅಭ್ಯಾಸ ಮಾಡಿಸಿದರೆ ಸುಮ್ಮನೆ ಕೂತು ತೆಗೆದುಕೊಳ್ಳುತ್ತದೆ. ಅವಳ ಮನೆಯಲ್ಲಿ ಊದುಬತ್ತಿ, ಸಾಂಬ್ರಾಣಿ ನಿಂತವು. ದೀಪ ಹಚ್ಚುತ್ತಾಳೆ, ಅಷ್ಟೇ. ಒಣಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಚಿಮಣಿ ಜೋರಾಗಿಟ್ಟು ಬೆಕ್ಕನ್ನು ಮೇಲಿನ ಕೋಣೆಗೆ ಕಳಿಸುತ್ತಾಳೆ. ಪುಡಿ ಏಳುವ ಮಣ್ಣಿನ ಬದಲು ಪುಡಿ ಏಳದ ಲಿಟ್ಟರ್ ತಂದಳು.

ಹಾಗೇ ನಮ್ಮೂರಿನ ಸೊಳ್ಳೆ. ಹೂಸ್ಟನ್ನಿನಲ್ಲಿ ಚಳಿಗಾಲದಲ್ಲೂ ಅದು ಪೂರ್ತಿ ಸಾಯುವುದಿಲ್ಲ. ಅದರ ಕಡಿತದಿಂದ ಹೃದಯದ ಹುಳು ಬೆಕ್ಕಿಗೂ ಹತ್ತುತ್ತದೆ, ಮನೆಯೊಳಗೇ ಇರುವ ಬೆಕ್ಕಿಗೂ. ಎಳೆ ಹುಳುಗಳು ಶ್ವಾಸಕೋಶಕ್ಕೆ ತಲುಪಿದಾಗ ಬರುವ ಕೆಮ್ಮು, ತೇಕು ಥೇಟು ಉಬ್ಬಸದ ಹಾಗೇ ಕಾಣುತ್ತದೆ. ನಾಯಿಗಾದರೆ ಬೆಳೆದ ಹುಳು ಕೊಲ್ಲುವ ಔಷಧಿ ಇದೆ, ಬೆಕ್ಕಿಗೆ ಅಂಥದ್ದಿಲ್ಲ. ತಡೆಮದ್ದೊಂದೇ ಗತಿ, ವರ್ಷವಿಡೀ.

ಇನ್ನೊಂದು ವಿಷಯ ನಮ್ಮವರಿಗೇ ಹೇಳಬೇಕು. ಗಿಣ್ಣು ಮಾಡುವ ಆಸೆಗೆ ಇಲ್ಲಿಯ ಹೊಲಮನೆಗಳಿಂದ ಹಸಿ ಹಾಲು, ಕರು ಹಾಕಿದ ಹಸುವಿನ ಹಾಲು ತರುವವರಿದ್ದಾರೆ. 2024ರ ಮಾರ್ಚ್‌ನಲ್ಲಿ ಟೆಕ್ಸಸ್ಸಿನ ಉತ್ತರದ ಡೈರಿಗಳಲ್ಲಿ ಹಸುಗಳಿಗೆ ಎಚ್5ಎನ್1 ಹಕ್ಕಿಜ್ವರ ಬಂದದ್ದು ಪತ್ತೆಯಾಯಿತು. ಒಂದು ಡೈರಿಯಲ್ಲಿ ಕಾಯಿಲೆಯ ಹಸುಗಳ ಹಸಿ ಹಾಲು, ಗಿಣ್ಣುಹಾಲು ಕುಡಿದಿದ್ದ ಸುಮಾರು 24 ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಕಣ್ಣು ಮೂಗು ಸೋರಿಕೆ, ಕುರುಡು, ತೂರಾಟ. ಪ್ಯಾಶ್ಚರೈಸ್ ಮಾಡಿದ ಅಂಗಡಿ ಹಾಲಿಗೆ ಈ ಭಯವಿಲ್ಲ. ಹಸಿ ಹಾಲು, ಹಸಿ ಮಾಂಸ ಮಾತ್ರ ಬೆಕ್ಕಿನ ಬಟ್ಟಲಿಗೆ ಬೇಡ.

ಲಸಿಕೆಯ ಬಗ್ಗೆ ನಾನು ಮಾಡಿದ ಕೊನೆಯ ತಪ್ಪು. ರೇಬೀಸ್ ಲಸಿಕೆ ಟೆಕ್ಸಸ್ಸಿನಲ್ಲಿ ಕಾನೂನಿನ ಪ್ರಕಾರ ಕಡ್ಡಾಯ, ಅದು ಹಾಕಿಸಿದರೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಹರ್ಪಿಸ್, ಕ್ಯಾಲಿಸಿಗೆ ಬೇರೆಯದೇ ಲಸಿಕೆ, ಎಫ್‌ವಿಆರ್‌ಸಿಪಿ ಅಂತ ಚೀಟಿಯಲ್ಲಿ ಬರೆದಿರುತ್ತದೆ. ಮರಿಗೆ ಆರೆಂಟು ವಾರದಿಂದ ಶುರುಮಾಡಿ ಮೂರು ನಾಲ್ಕು ವಾರಕ್ಕೊಮ್ಮೆ, ಕನಿಷ್ಠ 16 ವಾರ ತುಂಬುವವರೆಗೆ ಕೊಡಬೇಕು. ಆಶ್ರಯಧಾಮದಲ್ಲಿ ಒಂದು ಹಾಕಿದ್ದರು, ಮುಂದಿನದರ ದಿನಾಂಕ ಚೀಟಿಯಲ್ಲಿತ್ತು, ನಾನೇ ಓದಿರಲಿಲ್ಲ. ಲಸಿಕೆ ಹಾಕಿದರೂ ನೆಗಡಿ ಬರಬಹುದು, ಆದರೆ ಹೀಗೆ ನೆಲ ಹಿಡಿಸುವುದಿಲ್ಲ.

ಅಮ್ಮ ಊರಿಗೆ ಹೋಗಿ ತುಂಬ ದಿನ ಆಯಿತು. ವೀಡಿಯೋ ಕರೆಯಲ್ಲಿ ನನ್ನ ಆರೋಗ್ಯ ಕೇಳುವ ಮುಂಚೆ ಫೋನನ್ನು ಬೆಕ್ಕಿನ ಕಡೆ ತಿರುಗಿಸು ಅನ್ನುತ್ತಾರೆ. ಮೊನ್ನೆ ಅದು ಸೋಫಾದ ಮೇಲೆ ನಿದ್ದೆ ಮಾಡುತ್ತಿತ್ತು. ಅಮ್ಮ ಅಲ್ಲಿಂದಲೇ ಪಕ್ಕೆ ನೋಡಿಕೊಂಡು, ಬೆರಳು ಮಡಚುತ್ತಾ ಅರ್ಧ ನಿಮಿಷ ಎಣಿಸಿದರು. ಹನ್ನೊಂದು ಬಂತು.